ಕೊಟ್ಟ ಮಾತು, ಬರೆದ ಕರಾರು: ಸರ್ ಜಾನ್ ಮಾಲ್ಕಂನ ರಾಜತಾಂತ್ರಿಕ ಬದುಕು

ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಕರ್ನಾಟಕ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಥಾಮಸ್ ಮನ್ರೋ, ಮಾರ್ಕ್ ವಿಲ್ಕ್ಸ್, ಕಾಲಿನ್ ಮೆಕೆಂಜಿ, ಬ್ಯಾರಿ ಕ್ಲೋಸ್ ಮೊದಲಾದವರ ಹೆಸರುಗಳು ಸುಪರಿಚಿತ. ಇವರೆಲ್ಲರ ಸಮಕಾಲೀನನಾಗಿದ್ದು, 1799ರ ಮೈಸೂರು ವ್ಯವಸ್ಥೆಯ ಕಾಗದಪತ್ರಗಳನ್ನು ಮನ್ರೋನ ಜೊತೆಯಲ್ಲಿ ಕುಳಿತು ಸಿದ್ಧಪಡಿಸಿದ ಜಾನ್ ಮಾಲ್ಕಂ ಮುಂದೆ ಮೈಸೂರಿನ ರೆಸಿಡೆಂಟ್ ಪದವಿಯನ್ನೂ ಹೊಂದಿದ್ದನು. ಆದರೂ ಅವನ ಹೆಸರು ಕನ್ನಡದ ಚರಿತ್ರೆಯ ಬರಹಗಳಲ್ಲಿ ಬಹುಮಟ್ಟಿಗೆ ಪ್ರಾಸಂಗಿಕ ಉಲ್ಲೇಖವಾಗಿಯೇ ಉಳಿದಿದೆ. ಅವನ ಕಾರ್ಯಕ್ಷೇತ್ರ ಪರ್ಷಿಯಾ, ಮಾಳವ, ಮುಂಬಯಿಗಳಲ್ಲಿ ಹರಡಿಕೊಂಡಿದ್ದುದು ಇದಕ್ಕೆ ಕಾರಣವಿರಬಹುದು. ಆದರೆ ಪಠ್ಯ ಮತ್ತು ಅದರ ಅರ್ಥನಿರ್ಣಯವನ್ನು ಕುರಿತು ಚಿಂತಿಸುವವರಿಗೆ ಮಾಲ್ಕಂನ ಬದುಕು ಬೇರೊಂದು ಕಾರಣಕ್ಕಾಗಿ ಮುಖ್ಯವಾಗುತ್ತದೆ. ಅವನು ಮೂಲತಃ ಕರಾರುಗಳನ್ನು ಬರೆಯುವವನು. ಒಂದು ಕರಾರಿಗೆ ಎದುರು ಪಕ್ಷದವರು ಸಹಿ ಹಾಕುವಾಗ ಏನೆಂದು ತಿಳಿದುಕೊಂಡಿದ್ದರೋ ಅದೇ ಅದರ ಅರ್ಥವೆಂದು ಅವನು ನಂಬಿದ್ದನು. ಅವನು ಸೇವೆ ಸಲ್ಲಿಸಿದ ಸರ್ಕಾರವಾದರೋ ಬರೆದ ಅಕ್ಷರವನ್ನು, ಕೆಲವೊಮ್ಮೆ ಅದಕ್ಕಿಂತಲೂ ತನ್ನ ಅನುಕೂಲವನ್ನು, ಪ್ರಮಾಣವೆಂದು ಹಿಡಿಯಿತು. ಈ ಎರಡರ ನಡುವಿನ ಘರ್ಷಣೆ ಅವನ ವೃತ್ತಿಜೀವನದ ಉದ್ದಕ್ಕೂ ಕಾಣಿಸಿಕೊಳ್ಳುತ್ತದೆ.

ಮಾಲ್ಕಂ ಹುಟ್ಟಿದ್ದು 1769ರ ಮೇ 2ರಂದು, ಸ್ಕಾಟ್ಲೆಂಡಿನ ಗಡಿಸೀಮೆಯ ಲ್ಯಾಂಗ್‌ಹೋಮ್ ಸಮೀಪದ ಬರ್ನ್‌ಫುಟ್‌ನಲ್ಲಿ. ತಂದೆ ಜಾರ್ಜ್ ಮಾಲ್ಕಂ ಗೇಣಿಯ ಮೇಲೆ ಜಮೀನು ಹಿಡಿದು ಕುರಿ ಸಾಕುತ್ತಿದ್ದವನು. ಹದಿನೇಳು ಮಕ್ಕಳ ಸಂಸಾರ, ಮೇಲೆ ಸಾಲದ ಹೊರೆ. ಇಂತಹ ಮನೆಯ ಗಂಡುಮಕ್ಕಳಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿಗಳೆಂದರೆ ನೌಕಾದಳ ಮತ್ತು ಈಸ್ಟ್ ಇಂಡಿಯಾ ಕಂಪನಿ. ಜಾನನ ಸೋದರರಲ್ಲಿ ಪಲ್ಟನಿ ಮತ್ತು ಚಾರ್ಲ್ಸ್ ನೌಕಾದಳದಲ್ಲಿ ಉನ್ನತ ಪದವಿಗೇರಿದರು. ಜಾನ್ ಕಂಪನಿಯ ಸೈನ್ಯ ಸೇರಿದನು. ಹದಿಮೂರರ ಆಸುಪಾಸಿನ ಹುಡುಗನನ್ನು ಲಂಡನ್ನಿನಲ್ಲಿ ಕಂಪನಿಯ ನಿರ್ದೇಶಕರು ಪರೀಕ್ಷಿಸಿದಾಗ ನಡೆದ ಪ್ರಸಂಗವನ್ನು ಅವನ ಚರಿತ್ರಕಾರರೆಲ್ಲರೂ ಹೇಳುತ್ತಾರೆ. ಹೈದರಾಲಿ ಎದುರಾದರೆ ಏನು ಮಾಡುವೆಯೆಂದು ಕೇಳಿದ್ದಕ್ಕೆ ಹುಡುಗನು ಕತ್ತಿ ಹಿರಿದು ಅವನ ತಲೆ ಕತ್ತರಿಸುವುದಾಗಿ ಉತ್ತರಿಸಿದನಂತೆ. ನಿರ್ದೇಶಕರು ಮೆಚ್ಚಿ ಅವನನ್ನು ಆರಿಸಿಕೊಂಡರಂತೆ. 1783ರಲ್ಲಿ ಅವನು ಮದರಾಸಿನಲ್ಲಿ ಇಳಿಯುವ ವೇಳೆಗೆ ಹೈದರನು ತೀರಿಕೊಂಡು ತಿಂಗಳುಗಳೇ ಕಳೆದಿದ್ದವು. ಆದರೆ ಆ ಪ್ರಸಂಗ ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ: ಇಂಗ್ಲೆಂಡಿನ ಎಳೆಯರ ಕಲ್ಪನೆಯಲ್ಲಿ ಆಗ ಭಾರತವೆಂದರೆ ಮೈಸೂರು, ಶತ್ರುವೆಂದರೆ ಹೈದರ್.

ಮೊದಲ ಬಾರಿಗೆ ಮೈಸೂರಿನ ಗಡಿಯತ್ತ ಅವನು ಹೋದದ್ದು ಯುದ್ಧಕ್ಕಾಗಿ ಅಲ್ಲ. 1784ರ ಮಂಗಳೂರು ಒಪ್ಪಂದದ ಅನಂತರ ಟಿಪ್ಪು ಸುಲ್ತಾನನು ಬಿಡುಗಡೆ ಮಾಡಿದ ಇಂಗ್ಲಿಷ್ ಸೆರೆಯಾಳುಗಳನ್ನು ಎದುರುಗೊಳ್ಳಲು ಕಳುಹಿಸಿದ ತುಕಡಿಯಲ್ಲಿ ಅವನಿದ್ದನು. ಸೆರೆಯಾಳುಗಳನ್ನು ಕರೆತರುತ್ತಿದ್ದ ಮೇಜರ್ ಡಲ್ಲಾಸ್, ಒಂದು ಒರಟು ತಟ್ಟುವಿನ ಮೇಲೆ ಕುಳಿತಿದ್ದ ಹುಡುಗನನ್ನು ಕಂಡು ನಿಮ್ಮ ದಳದ ನಾಯಕನೆಲ್ಲಿ ಎಂದು ವಿಚಾರಿಸಿದಾಗ, ನಾಯಕನು ತಾನೇ ಎಂದು ಹುಡುಗ ತಿಳಿಸಿದನಂತೆ. ಆಗ ಅವನಿಗೆ ಹದಿನೈದು ವರ್ಷ. ಕೈದಿಗಳ ವಿನಿಮಯವೆಂಬುದು ಸಂಧಾನದ ಅತಿ ಸರಳ ರೂಪ. ಮಾಲ್ಕಂನ ಬದುಕು ಅಲ್ಲಿಂದ ಆರಂಭವಾಯಿತೆಂಬುದು ಕಾಕತಾಳೀಯವಾದರೂ ಗಮನಿಸತಕ್ಕದ್ದು.

ಮುಂದಿನ ಕೆಲವು ವರ್ಷಗಳು ಸಾಮಾನ್ಯ ಸೈನಿಕ ಅಧಿಕಾರಿಯೊಬ್ಬನ ಬದುಕಿಗಿಂತ ಭಿನ್ನವಾಗಿರಲಿಲ್ಲ. ಜೂಜು, ಸಾಲ, ಬೇಟೆ ಎಲ್ಲವೂ ಇದ್ದವು. ತಿರುವು ಬಂದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. 1792ರ ಶ್ರೀರಂಗಪಟ್ಟಣದ ಮುತ್ತಿಗೆಯ ಸಮಯದಲ್ಲಿ ನಿಜಾಮನ ಸೈನ್ಯದೊಡನೆ ಇದ್ದ ಮಾಲ್ಕಂ, ಅಲ್ಲಿನ ರಾಜತಾಂತ್ರಿಕ ಅಧಿಕಾರಿಗಳ ಸಂಪರ್ಕಕ್ಕೆ ಬಂದನು. ಸೈನ್ಯದಲ್ಲಿ ಹಿರಿತನದಿಂದ ಮಾತ್ರ ಬಡ್ತಿ. ಪಾರಸಿ ಬಲ್ಲವನಿಗೆ ದರ್ಬಾರುಗಳ ಬಾಗಿಲೇ ತೆರೆಯುತ್ತದೆ ಎಂಬುದನ್ನು ಅವನು ಅಲ್ಲಿ ಕಂಡುಕೊಂಡನು. ಮುನ್ಷಿಯನ್ನಿಟ್ಟುಕೊಂಡು ಪಾರಸಿ ಕಲಿತನು. ಅದೇ ವರ್ಷ ಲಾರ್ಡ್ ಕಾರ್ನ್‌ವಾಲಿಸನು ಅವನನ್ನು ನಿಜಾಮನ ಸೈನ್ಯದೊಡನಿದ್ದ ತುಕಡಿಗೆ ಪಾರಸಿ ದುಭಾಷಿಯನ್ನಾಗಿ ನೇಮಿಸಿದನು. ಟಿಪ್ಪುವಿನ ಕಚೇರಿಯ ಭಾಷೆ ಪಾರಸಿ, ಹೈದರಾಬಾದಿನದು ಪಾರಸಿ, ಮರಾಠರೊಡನೆ ಕಂಪನಿಯ ಪತ್ರವ್ಯವಹಾರವೂ ಬಹುಪಾಲು ಪಾರಸಿ. ದುಭಾಷಿಯಾದವನು ಎರಡು ಪ್ರಭುತ್ವಗಳ ನಡುವೆ ಅರ್ಥವನ್ನು ಸಾಗಿಸುವವನು. ಮಾಲ್ಕಂನ ಮುಂದಿನ ನಿಲುವುಗಳಿಗೆಲ್ಲ ಈ ಅನುಭವವೇ ಬುನಾದಿ ಎನ್ನಬೇಕಾಗುತ್ತದೆ.

ಅನಾರೋಗ್ಯದಿಂದ 1794ರಲ್ಲಿ ಸ್ವದೇಶಕ್ಕೆ ಹೋಗಿ ಮರುವರ್ಷ ಹೊರಟು ಹಿಂದಿರುಗಿದ ಮಾಲ್ಕಂ, 1798ರಲ್ಲಿ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಯ ದೃಷ್ಟಿಗೆ ಬಿದ್ದು ಹೈದರಾಬಾದಿನ ಸಹಾಯಕ ರೆಸಿಡೆಂಟನಾದನು. ಅದೇ ವರ್ಷ ಅಕ್ಟೋಬರಿನಲ್ಲಿ ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ವಿಸರ್ಜಿಸಿದ ಕಾರ್ಯದಲ್ಲಿ ಅವನ ಪಾತ್ರವಿತ್ತು. ಕೆಲವೇ ತಿಂಗಳಲ್ಲಿ ನಿಜಾಮನ ಪಡೆಯೊಡನೆ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತನು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ರಾಜ್ಯದ ವಿಲೇವಾರಿಗಾಗಿ ನೇಮಕವಾದ ಆಯೋಗಕ್ಕೆ ಕಾರ್ಯದರ್ಶಿಗಳಾದವರು ಮನ್ರೋ ಮತ್ತು ಮಾಲ್ಕಂ.

ಈ ಆಯೋಗದ ಫಲವನ್ನು ಇಲ್ಲಿ ವಿವರವಾಗಿ ಹೇಳಬೇಕಾದ ಅಗತ್ಯವಿಲ್ಲ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು, ಜುಲೈ 8ರ ಸಹಾಯಕ ಸೈನ್ಯದ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಾಗಳನ್ನು ಕಂಪನಿಗೆ ಸಲ್ಲಿಸಬೇಕಾಯಿತು. ಆ ಒಪ್ಪಂದದ ನಾಲ್ಕನೆಯ ವಿಧಿ ಮಾತ್ರ ಗಮನಾರ್ಹ. ಸೈನ್ಯದ ವೆಚ್ಚಕ್ಕೆ ಹಣ ಒದಗದೆ ಹೋಗಬಹುದೆಂದು ಗವರ್ನರ್ ಜನರಲ್‌ಗೆ ತೋರಿದಲ್ಲಿ ರಾಜ್ಯದ ಆಡಳಿತವನ್ನು ಕಂಪನಿ ವಹಿಸಿಕೊಳ್ಳಬಹುದೆಂಬುದು ಅದರ ತಾತ್ಪರ್ಯ. ರಾಜ್ಯವೊಂದನ್ನು ಕಟ್ಟುವ ಪತ್ರದಲ್ಲಿಯೇ ಅದನ್ನು ಕಿತ್ತುಕೊಳ್ಳುವ ದಾರಿಯೂ ಬರೆಯಲ್ಪಟ್ಟಿತ್ತು. ಮೂವತ್ತೆರಡು ವರ್ಷಗಳ ಅನಂತರ, 1831ರಲ್ಲಿ, ಬೆಂಟಿಂಕನು ಈ ವಿಧಿಯನ್ನೇ ಮುಂದಿಟ್ಟುಕೊಂಡು ಆಡಳಿತವನ್ನು ವಶಪಡಿಸಿಕೊಂಡನು. ಕಾರ್ಯದರ್ಶಿಗಳು ಕರಾರಿನ ನೀತಿಯನ್ನು ನಿರ್ಧರಿಸುವವರಲ್ಲ. ಆ ವಿಧಿಯ ಹೊಣೆಯನ್ನು ಮಾಲ್ಕಂನ ಮೇಲೆ ಹೊರಿಸುವುದು ಸರಿಯಾಗಲಾರದು. ಆದರೆ ಕರಾರಿನ ಒಂದು ವಾಕ್ಯ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಅವನ ಕಣ್ಣಮುಂದೆಯೇ ಸಿದ್ಧವಾದ ಮೊದಲ ನಿದರ್ಶನ ಅದು.

ಮೈಸೂರಿನಿಂದ ಅವನು ನೇರವಾಗಿ ಪರ್ಷಿಯಾಕ್ಕೆ ಹೊರಟನು. ಕಾಬೂಲಿನ ಜಮಾನ್ ಷಾ ಉತ್ತರ ಭಾರತದ ಮೇಲೆ ದಂಡೆತ್ತಿ ಬರಬಹುದೆಂಬ ಭಯ ಒಂದು ಕಡೆ, ಈಜಿಪ್ಟಿನಲ್ಲಿದ್ದ ಫ್ರೆಂಚರು ಪೂರ್ವಕ್ಕೆ ತಿರುಗಬಹುದೆಂಬ ಅಳುಕು ಇನ್ನೊಂದು ಕಡೆ. ಇವೆರಡಕ್ಕೂ ತಡೆಯಾಗಿ ಇರಾನಿನ ಷಾನನ್ನು ನಿಲ್ಲಿಸಬೇಕೆಂಬುದು ವೆಲ್ಲೆಸ್ಲಿಯ ಯೋಜನೆ. 1799ರ ಕೊನೆಯಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಮಾಲ್ಕಂ, ಬೂಷಹರ್, ಶಿರಾಜ್, ಇಸ್ಫಹಾನ್‌ಗಳ ಮೂಲಕ 1800ರ ನವೆಂಬರಿನಲ್ಲಿ ತೆಹರಾನ್ ಮುಟ್ಟಿದನು. ಆಗ ಅವನಿಗೆ ಮೂವತ್ತೊಂದು ವರ್ಷ. ದಾರಿಯುದ್ದಕ್ಕೂ ಅವನು ಹೋರಾಡಿದ್ದು ಮರ್ಯಾದೆಯ ವಿಷಯಗಳಲ್ಲಿ: ಯಾರು ಮೊದಲು ಎದ್ದು ನಿಲ್ಲಬೇಕು, ರಾಯಭಾರಿಗೆ ಯಾವ ಆಸನ, ಎಷ್ಟು ದೂರದಿಂದ ಎದುರುಗೊಳ್ಳಬೇಕು. ಇವು ಕ್ಷುಲ್ಲಕವೆಂದು ತೋರಬಹುದು. ಆದರೆ ದರ್ಬಾರಿನ ಸಂಸ್ಕೃತಿಯಲ್ಲಿ ಆಸನವೇ ಅಧಿಕಾರದ ಭಾಷೆ. ಪಾರಸಿಯಷ್ಟೇ ಎಚ್ಚರದಿಂದ ಅವನು ಈ ಭಾಷೆಯನ್ನೂ ಕಲಿತಿದ್ದನು. ಉಡುಗೊರೆಗಳಿಗೂ ಮೆರವಣಿಗೆಗೂ ಹಣವನ್ನು ನೀರಿನಂತೆ ಚೆಲ್ಲಿದನೆಂಬ ಆಕ್ಷೇಪ ಅವನ ಮೇಲೆ ಆಗಲೂ ಇತ್ತು, ಮುಂದೆಯೂ ಉಳಿಯಿತು.

1801ರ ಜನವರಿಯಲ್ಲಿ ಫತ್ ಅಲಿ ಷಾನ ಸರ್ಕಾರದೊಡನೆ ರಾಜಕೀಯ ಮತ್ತು ವ್ಯಾಪಾರ ಒಪ್ಪಂದಗಳಾದವು. ಅಫ್ಘನ್ನರು ಭಾರತದ ಮೇಲೆ ಬಂದರೆ ಷಾ ಅವರ ದೇಶವನ್ನು ಹೊಕ್ಕು ದಂಡಿಸಬೇಕು, ಫ್ರೆಂಚರಿಗೆ ನೆಲೆ ಕೊಡಬಾರದು, ಪ್ರತಿಯಾಗಿ ಕಂಪನಿ ನೆರವಾಗಬೇಕು ಎಂಬುದು ಸ್ಥೂಲ ಸಾರ. ಈ ಒಪ್ಪಂದದ ದುರ್ಬಲ ಸ್ಥಾನ ಬೇಗನೆ ಹೊರಬಿತ್ತು. 1804ರಲ್ಲಿ ಇರಾನಿನ ಮೇಲೆ ಯುದ್ಧಕ್ಕೆ ಬಂದವರು ಅಫ್ಘನ್ನರೂ ಅಲ್ಲ, ಫ್ರೆಂಚರೂ ಅಲ್ಲ, ರಷ್ಯನ್ನರು. ಷಾ ನೆರವು ಯಾಚಿಸಿದಾಗ, ರಷ್ಯದ ಹೆಸರು ಕರಾರಿನಲ್ಲಿ ಇಲ್ಲವೆಂಬ ನೆಲೆಯಲ್ಲಿ ಬ್ರಿಟಿಷರು ಹಿಂದೆ ಸರಿದರು. ಅಕ್ಷರಶಃ ಅದು ಸರಿ. ಆದರೆ ಇಂಗ್ಲಿಷರ ಸ್ನೇಹವನ್ನು ಆಪತ್ಕಾಲದ ಆಸರೆಯೆಂದು ತಿಳಿದಿದ್ದ ಇರಾನಿಗಳಿಗೆ ಇದು ವಂಚನೆಯಾಗಿ ಕಂಡಿತು. ಷಾ ನೆಪೋಲಿಯನ್ನನ ಕಡೆಗೆ ತಿರುಗಿದನು. 1807ರ ಮೇ ತಿಂಗಳಲ್ಲಿ ಫಿಂಕೆನ್‌ಸ್ಟೈನ್ ಒಪ್ಪಂದವಾಗಿ, ಆ ವರ್ಷದ ಕೊನೆಗೆ ಫ್ರೆಂಚ್ ರಾಯಭಾರಿ ಗಾರ್ದಾನ್ ತೆಹರಾನಿನಲ್ಲಿದ್ದನು. ಯಾರನ್ನು ದೂರವಿಡಲೆಂದು ಮಾಲ್ಕಂ ಅಷ್ಟು ದೂರ ಹೋಗಿದ್ದನೋ ಅವರೇ ಷಾನ ಸೈನ್ಯಕ್ಕೆ ಕವಾಯತು ಕಲಿಸತೊಡಗಿದರು.

ಈ ನಡುವೆ ಅವನು ಭಾರತದಲ್ಲಿ ತೊಡಗಿದ್ದ ಕಾರ್ಯಗಳಲ್ಲಿ ಒಂದು ಮೈಸೂರಿಗೆ ಸಂಬಂಧಿಸಿದ್ದು. 1803ರಲ್ಲಿ ಅವನನ್ನು ಮೈಸೂರಿನ ರೆಸಿಡೆಂಟನಾಗಿ ನೇಮಿಸಲಾಯಿತು. ಆದರೆ ಎರಡನೆಯ ಮರಾಠಾ ಯುದ್ಧ ಎದುರಿದ್ದುದರಿಂದ ಅವನು ಆರ್ಥರ್ ವೆಲ್ಲೆಸ್ಲಿಯ ಪಾಳೆಯದಲ್ಲಿದ್ದನು. ಮೈಸೂರಿನಲ್ಲಿ ಅವನು ಕಳೆದ ಕಾಲ ತುಣುಕು ತುಣುಕಾದದ್ದು. ಅವನ ಪರವಾಗಿ ರೆಸಿಡೆನ್ಸಿಯ ಕೆಲಸ ನೋಡಿಕೊಂಡವನು ಮಾರ್ಕ್ ವಿಲ್ಕ್ಸ್. ದಕ್ಷಿಣ ಭಾರತದ ಇತಿಹಾಸವನ್ನು ಕುರಿತ ವಿಲ್ಕ್ಸ್‌ನ ಗ್ರಂಥಕ್ಕೆ ಬೇಕಾದ ಸಾಮಗ್ರಿ, ಪರಿಚಯ, ಅವಕಾಶಗಳು ಒದಗಿದ್ದು ಈ ಅವಧಿಯಲ್ಲಿ. ಮಾಲ್ಕಂನ ಗೈರುಹಾಜರಿಯಿಂದ ಕರ್ನಾಟಕದ ಚರಿತ್ರೆಗೆ ನಷ್ಟವಾಗಲಿಲ್ಲ ಎಂದೇ ಹೇಳಬೇಕು.

ಮಾಲ್ಕಂನ ಸ್ವಭಾವವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಘಟನೆ ಗ್ವಾಲಿಯರ್ ವಿವಾದ. 1803ರ ಡಿಸೆಂಬರ್ 30ರಂದು ಸುರ್ಜಿ ಅಂಜನಗಾಂವ್‌ನಲ್ಲಿ ದೌಲತ್ ರಾವ್ ಸಿಂಧ್ಯನೊಡನೆ ಶಾಂತಿ ಒಪ್ಪಂದವಾಯಿತು. ಯುದ್ಧಕಾಲದಲ್ಲಿ ಕಂಪನಿಯೊಡನೆ ಕರಾರು ಮಾಡಿಕೊಂಡ ಸಾಮಂತರ ಮೇಲಿನ ಹಕ್ಕನ್ನು ಸಿಂಧ್ಯನು ಬಿಟ್ಟುಕೊಡಬೇಕೆಂದು ಅದರ ಒಂದು ವಿಧಿ ಹೇಳುತ್ತಿತ್ತು. ಆ ಸಾಮಂತರು ಯಾರು ಯಾರು ಎಂಬ ಪಟ್ಟಿ ಸಹಿಯ ವೇಳೆಗೆ ಸಿಂಧ್ಯನ ಮಂತ್ರಿಗಳ ಕೈಯಲ್ಲಿರಲಿಲ್ಲ. ಗೋಹದ್‌ನ ರಾಣನೂ ಅಂತಹ ಸಾಮಂತನೆಂದೂ, ಆದ್ದರಿಂದ ಗೋಹದ್ ಮತ್ತು ಗ್ವಾಲಿಯರ್ ಕೋಟೆ ಸಿಂಧ್ಯನ ಕೈ ತಪ್ಪಿದವೆಂದೂ ಗವರ್ನರ್ ಜನರಲ್ ವಾದಿಸಿದನು. 1804ರ ಫೆಬ್ರವರಿಯಲ್ಲಿ ಬುರ್ಹಾನ್‌ಪುರದಲ್ಲಿ ಸಿಂಧ್ಯನೊಡನೆ ಮತ್ತೊಂದು ಒಪ್ಪಂದವನ್ನು ಕುದುರಿಸಿದ ಮಾಲ್ಕಂ ಆ ದರ್ಬಾರಿನ ಮನಸ್ಸನ್ನು ಬಲ್ಲವನು. ಗ್ವಾಲಿಯರನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದು ಮರಾಠರು ಸಹಿ ಹಾಕಿಲ್ಲ, ಆದ್ದರಿಂದ ಕೋಟೆ ಸಿಂಧ್ಯನಿಗೆ ಸೇರತಕ್ಕದ್ದು ಎಂದು ಅವನು ಬರೆದನು. ಒಂದು ಕೋಟೆಗಿಂತ ಬ್ರಿಟಿಷರ ಮಾತಿನ ಮೇಲಿನ ನಂಬಿಕೆ ದೊಡ್ಡದೆಂಬುದು ಅವನ ವಾದದ ತಿರುಳು. ಆರ್ಥರ್ ವೆಲ್ಲೆಸ್ಲಿ ಅದನ್ನು ಒಪ್ಪಿದನು. ಅವನ ಅಣ್ಣನಾದ ಗವರ್ನರ್ ಜನರಲ್ ಒಪ್ಪಲಿಲ್ಲ. ಮಾಲ್ಕಂಗೆ ಕಟುವಾದ ಆಕ್ಷೇಪಣೆ ಬಂದಿತು. ಪಾಲಿಸುವುದು ಅವನ ಕರ್ತವ್ಯವೇ ಹೊರತು ಕರಾರನ್ನು ವ್ಯಾಖ್ಯಾನಿಸುವುದಲ್ಲ ಎಂಬುದು ಅದರ ಧ್ವನಿ. ತನ್ನ ಏಳಿಗೆಗೆಲ್ಲ ಕಾರಣನಾದ ಪೋಷಕನ ಅಸಮಾಧಾನದಿಂದ ಅವನು ತುಂಬ ನೊಂದನು.

ವಿಚಿತ್ರವೆಂದರೆ, ವೆಲ್ಲೆಸ್ಲಿ ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ 1805ರ ನವೆಂಬರಿನಲ್ಲಿ ಅದೇ ಗ್ವಾಲಿಯರ್ ಮತ್ತು ಗೋಹದ್‌ಗಳನ್ನು ಸಿಂಧ್ಯನಿಗೆ ಮರಳಿಸುವ ಒಪ್ಪಂದವನ್ನು ಮಾಡಿದವನು ಲೇಕ್‌ನ ಪಾಳೆಯದಲ್ಲಿದ್ದ ಮಾಲ್ಕಂನೇ. ಆದರೆ ಇದು ಅವನ ವಾದಕ್ಕೆ ಸಿಕ್ಕ ಜಯವಾಗಿರಲಿಲ್ಲ. ಖರ್ಚು ತಗ್ಗಿಸಿ ಯುದ್ಧಗಳಿಂದ ಹಿಂದೆ ಸರಿಯುವ ಹೊಸ ನೀತಿಯ ಫಲ ಅದು. ಅದೇ ನೀತಿಯ ಅಂಗವಾಗಿ ಹಂಗಾಮಿ ಗವರ್ನರ್ ಜನರಲ್ ಬಾರ್ಲೋ ಜೈಪುರದೊಡನೆ ಮಾಡಿಕೊಂಡಿದ್ದ ರಕ್ಷಣೆಯ ಕರಾರನ್ನು ಕಳಚಿಹಾಕಿದನು. ಲೇಕನೂ ಮಾಲ್ಕಂನೂ ಪ್ರತಿಭಟಿಸಿದ್ದು ವ್ಯರ್ಥವಾಯಿತು. ಇಂಗ್ಲಿಷರು ತಮ್ಮ ನಂಬಿಕೆಯನ್ನು ಅನುಕೂಲಕ್ಕೆ ಅಡಿಯಾಳು ಮಾಡಿದ್ದು ಇದೇ ಮೊದಲೆಂದು ಜೈಪುರದ ವಕೀಲನು ಲೇಕನಿಗೆ ಮುಖಕ್ಕೆ ಹೇಳಿದನೆಂಬುದನ್ನು ಮಾಲ್ಕಂ ತನ್ನ ಭಾರತದ ರಾಜಕೀಯ ಇತಿಹಾಸದಲ್ಲಿ ದಾಖಲಿಸಿದ್ದಾನೆ. ತನ್ನ ಸರ್ಕಾರದ ಮೇಲಿನ ಇಂತಹ ಆಪಾದನೆಯನ್ನು ಅದೇ ಸರ್ಕಾರದ ಅಧಿಕಾರಿಯೊಬ್ಬನು ಪುಸ್ತಕದಲ್ಲಿ ಅಚ್ಚು ಮಾಡಿಸಿದ್ದು ಸಾಮಾನ್ಯ ಸಂಗತಿಯಲ್ಲ.

1807ರಲ್ಲಿ ಅವನ ಮದುವೆಯಾಯಿತು. ಮರುವರ್ಷ ಫ್ರೆಂಚರನ್ನು ತೆಹರಾನಿನಿಂದ ಹೊರಡಿಸಲು ಮತ್ತೆ ಬೂಷಹರಿಗೆ ಹೋದನು. ಈ ಬಾರಿ ಷಾ ಅವನನ್ನು ರಾಜಧಾನಿಗೆ ಬರಗೊಡಲಿಲ್ಲ; ಶಿರಾಜಿನ ಅಧಿಕಾರಿಗಳೊಡನೆ ಮಾತಾಡಿಕೊಳ್ಳಬೇಕೆಂದು ಸೂಚಿಸಿದನು. ಅಪಮಾನಗೊಂಡ ಮಾಲ್ಕಂ ಹಡಗು ಹತ್ತಿ ಕಲ್ಕತ್ತೆಗೆ ಬಂದು, ಕೊಲ್ಲಿಯ ಖಾರ್ಗ್ ದ್ವೀಪವನ್ನು ಆಕ್ರಮಿಸಬೇಕೆಂದು ಲಾರ್ಡ್ ಮಿಂಟೋಗೆ ಸಲಹೆ ಮಾಡಿದನು. ಮರಾಠರ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ಯೋಚಿಸಿದವನು ಇಲ್ಲಿ ದುಡುಕಿದನು. ಇರಾನಿಗಳ ಅಸಮಾಧಾನಕ್ಕೆ 1801ರ ತನ್ನದೇ ಒಪ್ಪಂದದ ಓದು ಕಾರಣವೆಂಬುದನ್ನು ಅವನು ಮನಗಂಡಂತೆ ಕಾಣುವುದಿಲ್ಲ. ಅಷ್ಟರಲ್ಲಿ ನೆಪೋಲಿಯನ್ ರಷ್ಯದೊಡನೆ ಟಿಲ್ಸಿಟ್‌ನಲ್ಲಿ ಸಂಧಿ ಮಾಡಿಕೊಂಡದ್ದರಿಂದ ಫ್ರೆಂಚರ ಮಾತಿಗೆ ತೆಹರಾನಿನಲ್ಲಿ ಬೆಲೆ ಹೋಗಿತ್ತು. ಲಂಡನ್ನಿನಿಂದ ನೇರವಾಗಿ ದೊರೆಯ ಪ್ರತಿನಿಧಿಯಾಗಿ ಬಂದ ಹಾರ್ಫರ್ಡ್ ಜೋನ್ಸ್ 1809ರ ಮಾರ್ಚ್‌ನಲ್ಲಿ ಸುಲಭವಾಗಿ ಒಪ್ಪಂದ ಪಡೆದನು. ಇರಾನಿನೊಡನೆ ಮಾತನಾಡುವ ಹಕ್ಕು ಲಂಡನ್ನಿನದೋ ಕಲ್ಕತ್ತೆಯದೋ ಎಂಬ ಜಗಳ ಅಲ್ಲಿಂದ ವರ್ಷಗಳ ಕಾಲ ನಡೆಯಿತು.

1809ರ ಬೇಸಿಗೆಯಲ್ಲಿ ಮದರಾಸು ಸೈನ್ಯದ ಇಂಗ್ಲಿಷ್ ಅಧಿಕಾರಿಗಳೇ ಸರ್ಕಾರದ ವಿರುದ್ಧ ದಂಗೆಯೆದ್ದರು. ಶ್ರೀರಂಗಪಟ್ಟಣದ ಕೋಟೆಯೂ ದಂಗೆಕೋರರ ಕೈಯಲ್ಲಿತ್ತು. ಅವರನ್ನು ಕೂಡಿಕೊಳ್ಳಲು ಚಿತ್ರದುರ್ಗದಿಂದ ಹೊರಟ ಪಡೆಗಳ ಮೇಲೆ ಮೈಸೂರಿನ ಕುದುರೆ ಸವಾರರು ಬಿದ್ದರು. ಸಂಧಾನಕ್ಕಾಗಿ ಮಚಲಿಪಟ್ಟಣಕ್ಕೆ ಹೋದ ಮಾಲ್ಕಂ ಒಲಿಸುವ ಮಾತಾಡಿದನೆಂದು ಬಾರ್ಲೋ ಸಿಡುಕಿದನು. ಸೌಮ್ಯವೆಂಬ ಆಪಾದನೆ ಅವನಿಗೆ ಆಗಲೇ ಅಂಟಿಕೊಂಡಿತ್ತು.

1810ರ ಮೂರನೆಯ ರಾಯಭಾರ ರಾಜಕೀಯವಾಗಿ ನಿಷ್ಫಲ. ಲಂಡನ್ನಿನಿಂದ ಗೋರ್ ಔಸ್ಲಿ ಬರುತ್ತಾನೆಂದು ತಿಳಿದು ಮಾಲ್ಕಂ ಹಿಂದಿರುಗಬೇಕಾಯಿತು. ಆದರೆ ಜ್ಞಾನದ ದೃಷ್ಟಿಯಿಂದ ಇದೇ ಫಲವತ್ತಾದ ಯಾತ್ರೆ. ಅವನ ತಂಡದ ಪಾಟಿಂಜರ್ ಮತ್ತು ಕ್ರಿಸ್ಟಿ ಕುದುರೆ ವ್ಯಾಪಾರಿಗಳ ವೇಷದಲ್ಲಿ ಬಲೂಚಿಸ್ತಾನವನ್ನು ಹೊಕ್ಕು ಇರಾನ್ ಸೇರಿದರು. ಗ್ರಾಂಟ್ ಮತ್ತು ಫೋದರಿಂಗ್‌ಹ್ಯಾಮ್ ಎಂಬಿಬ್ಬರು ಲೂರಿಸ್ತಾನದಲ್ಲಿ ಕೊಲೆಯಾದರು. ಷಾ ಮಾಲ್ಕಂಗೆ ಸಿಂಹ-ಸೂರ್ಯ ಪದವಿಯನ್ನಿತ್ತು ಗೌರವಿಸಿದನು. ಇರಾನಿನಲ್ಲಿ ಆಲೂಗಡ್ಡೆಯ ಬೇಸಾಯವನ್ನು ಹರಡಿದ ಕೀರ್ತಿಯೂ ಅವನಿಗೆ ಸಂದಿದ್ದು, ಅಲ್ಲಿ ಅದನ್ನು ಬಹುಕಾಲ ಮಾಲ್ಕಂನ ಆಲೂ ಎಂದು ಕರೆಯುತ್ತಿದ್ದರು. ಪಾರಸಿಯಲ್ಲಿ ಆಲೂ ಎಂದರೆ ಒಂದು ಬಗೆಯ ಹಣ್ಣು. ಅವನ ಮೂರು ರಾಯಭಾರಗಳ ಕರಾರುಗಳಿಗಿಂತ ಈ ಗಡ್ಡೆಯೇ ಇರಾನಿನಲ್ಲಿ ಆಳವಾಗಿ ಬೇರೂರಿತೆಂದರೆ ತಪ್ಪಾಗದು.

ಮುಂಬಯಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕಳೆದ ಬಿಡುವಿನ ವರ್ಷಗಳಲ್ಲಿ ಅವನು ಎರಡು ಸಂಪುಟಗಳ ಪರ್ಷಿಯಾದ ಇತಿಹಾಸವನ್ನು ಬರೆದು 1815ರಲ್ಲಿ ಪ್ರಕಟಿಸಿದನು. ಪಾರಸಿ ಹಸ್ತಪ್ರತಿಗಳು, ದರ್ಬಾರಿನ ಜನರ ಬಾಯ್ಮಾತು, ಸ್ವಂತ ಅವಲೋಕನ ಈ ಮೂರನ್ನೂ ಸೇರಿಸಿ ಪುರಾಣಕಾಲದ ಅರಸರಿಂದ ತನ್ನ ಕಾಲದವರೆಗೆ ಬಂದ ಇಂತಹ ಕೃತಿ ಇಂಗ್ಲಿಷಿನಲ್ಲಿ ಅದಕ್ಕೆ ಮುನ್ನ ಇರಲಿಲ್ಲ. ಫ್ರೆಂಚಿಗೆ ಅನುವಾದವಾಯಿತು; ಮುಂದೆ ಮುಂಬಯಿಯಲ್ಲಿ ಪಾರಸಿಗೂ ಅನುವಾದವಾಗಿ ಇರಾನಿಗಳೇ ಓದಿದರು. ಪೌರ್ವಾತ್ಯ ರಾಜ್ಯವೆಂದರೆ ನಿರಂಕುಶ ಪ್ರಭುತ್ವವೆಂಬ ಪೂರ್ವಗ್ರಹ ಅದರಲ್ಲಿ ಉದ್ದಕ್ಕೂ ಕಾಣುತ್ತದೆ. ವಸಾಹತುಶಾಹಿ ಜ್ಞಾನದ ಮಾದರಿಯೆಂದು ಅದನ್ನು ಇಂದು ಓದುವುದು ಸಹಜ. ಆದರೂ ಮೂಲ ಆಕರಗಳೊಡನೆ ಅವನು ನಡೆಸಿದ ಪರಿಶ್ರಮವನ್ನು ಆ ಒಂದೇ ಮಾತಿನಿಂದ ತಳ್ಳಿಹಾಕಲಾಗದು.

1817ರಲ್ಲಿ ಅವನು ಮತ್ತೆ ಭಾರತಕ್ಕೆ ಬರುವಾಗ ಪಿಂಡಾರಿಗಳ ಮತ್ತು ಮರಾಠರ ವಿರುದ್ಧದ ಯುದ್ಧ ಸಿದ್ಧವಾಗಿತ್ತು. ಡಿಸೆಂಬರ್ 21ರಂದು ಮಹಿದ್‌ಪುರದಲ್ಲಿ ಹೋಳ್ಕರರ ಸೈನ್ಯವನ್ನು ಸೋಲಿಸಿದ ಕದನದಲ್ಲಿ ಅವನು ಮುಂಚೂಣಿಯಲ್ಲಿದ್ದನು. 1818ರ ಜನವರಿ 6ರ ಮಂದಸೋರ್ ಒಪ್ಪಂದ ಅವನ ಕೈಯಿಂದಾಯಿತು. ಅದಾದ ಐದು ತಿಂಗಳಿಗೆ ಅವನ ಬದುಕಿನ ಅತಿ ದೊಡ್ಡ ಸಂಧಾನ ಎದುರಾಯಿತು.

ರಾಜ್ಯ ಕಳೆದುಕೊಂಡು ಊರೂರು ಅಲೆದ ಪೇಶ್ವೆ ಎರಡನೆಯ ಬಾಜೀರಾಯನು ಅಸೀರ್‌ಗಢದ ಬಳಿ ಬೀಡುಬಿಟ್ಟು ಮಾಲ್ಕಂನಲ್ಲಿಗೆ ವಕೀಲರನ್ನು ಕಳುಹಿಸಿದನು. ಪೇಶ್ವೆಗೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿದೆ, ಶರಣಾಗತನಿಗೆ ಹೆಚ್ಚು ಕೊಡಬೇಕಾಗಿಲ್ಲ ಎಂಬುದು ಗವರ್ನರ್ ಜನರಲ್ ಹೇಸ್ಟಿಂಗ್ಸನ ಎಣಿಕೆ. ಮಾಲ್ಕಂನ ಲೆಕ್ಕ ಬೇರೆ. ಮಳೆಗಾಲ ತಲೆಯ ಮೇಲಿದೆ. ಅಸೀರ್‌ಗಢದ ಕಿಲ್ಲೇದಾರನು ಪೇಶ್ವೆಗೆ ಒಲಿದಿದ್ದಾನೆ. ಮರಾಠರ ಕಣ್ಣಿನಲ್ಲಿ ಬಾಜೀರಾಯನು ಇನ್ನೂ ಒಡೆಯ. ಅವನು ಹೋರಾಡುತ್ತ ಸತ್ತರೂ ಸೆರೆಯಲ್ಲಿ ಸತ್ತರೂ ಒಂದು ಕಥೆಯಾಗುತ್ತಾನೆ. ಗೌರವದಿಂದ ಗಂಗೆಯ ದಡದಲ್ಲಿ ಕುಳಿತರೆ ಮರೆವಿಗೆ ಸಲ್ಲುತ್ತಾನೆ. ಜೂನ್ 3ರಂದು ಬಾಜೀರಾಯನು ಶರಣಾದನು. ತನಗೂ ತನ್ನ ವಂಶಕ್ಕೂ ರಾಜ್ಯದ ಹಕ್ಕನ್ನು ಬಿಟ್ಟುಕೊಟ್ಟು, ದಖ್ಖನನ್ನು ತೊರೆದು ಉತ್ತರದ ಪುಣ್ಯಕ್ಷೇತ್ರವೊಂದರಲ್ಲಿ ವಾಸಿಸಲು ಒಪ್ಪಿದನು. ಪ್ರತಿಯಾಗಿ ಅವನ ಮತ್ತು ಅವನ ಕುಟುಂಬದ ನಿರ್ವಹಣೆಗೆ ವರ್ಷಕ್ಕೆ ಎಂಟು ಲಕ್ಷ ರೂಪಾಯಿಗೆ ಕಡಮೆಯಾಗದ ವರ್ಷಾಶನವನ್ನು ಮಾಲ್ಕಂ ತನ್ನ ಹೊಣೆಯ ಮೇಲೆ ಬರೆದುಕೊಟ್ಟನು.

ಹೇಸ್ಟಿಂಗ್ಸನಿಗೆ ಇದು ಅತಿಯಾಯಿತೆನಿಸಿತು. ಮಾತು ಕೊಟ್ಟಾಗಿದ್ದುದರಿಂದ ಸ್ಥಿರಪಡಿಸಿದನು. ಕಾನ್ಪುರದ ಬಳಿಯ ಬಿಠೂರಿನಲ್ಲಿ ಬಾಜೀರಾಯನು ಎಲ್ಲರ ಎಣಿಕೆ ಮೀರಿ 1851ರವರೆಗೆ ಬದುಕಿದನು. ಲೆಕ್ಕ ಹಾಕಿದರೆ ಕಂಪನಿ ತೆತ್ತದ್ದು ಎರಡೂವರೆ ಕೋಟಿ ರೂಪಾಯಿಗೂ ಹೆಚ್ಚು. ಆದರೆ ಮಾಲ್ಕಂ ನಿರೀಕ್ಷಿಸಿದ್ದಂತೆ ಆ ಮೂವತ್ಮೂರು ವರ್ಷ ಪೇಶ್ವೆಯ ಹೆಸರಿನಲ್ಲಿ ದೊಡ್ಡ ಬಂಡಾಯವೇಳಲಿಲ್ಲ.

1818ರಿಂದ ಮೂರು ವರ್ಷ ಮಹೂ ದಂಡುಪ್ರದೇಶವನ್ನು ನೆಲೆಯಾಗಿಸಿಕೊಂಡು ಅವನು ಮಾಳವದ ವ್ಯವಸ್ಥೆ ಮಾಡಿದನು. ಮನೆಗೆ ನಾಲ್ಕು ಬಾಗಿಲು, ನಾಲ್ಕೂ ತೆರೆದವು ಎಂಬಂತೆ ಯಾರು ಬೇಕಾದರೂ ಬಂದು ದೂರು ಹೇಳಬಹುದಾಗಿತ್ತು. ಇದರ ಫಲವಾಗಿ ಬಂದ ಮಧ್ಯಭಾರತವನ್ನು ಕುರಿತ 1823ರ ಗ್ರಂಥ ಅವನ ಕೃತಿಗಳಲ್ಲಿ ಹೆಚ್ಚು ಬಾಳಿಕೆಯದು. ಅಹಲ್ಯಾಬಾಯಿ ಹೋಳ್ಕರಳ ಆಡಳಿತದ ಬಗ್ಗೆ ಅವಳನ್ನು ಬಲ್ಲವರಿಂದ ಕೇಳಿ ಸಂಗ್ರಹಿಸಿದ ವಿವರಗಳು ಅದರಲ್ಲಿವೆ. ಅವಳನ್ನು ಕುರಿತು ಮುಂದೆ ಬರೆದವರು ಬಹುಮಟ್ಟಿಗೆ ಅಲ್ಲಿಂದಲೇ ಆರಂಭಿಸಬೇಕಾಯಿತು. ಹೊಗಳಿಕೆ ಹೆಚ್ಚಾಯಿತೆಂಬ ಸಂಶಯ ಬಂದು ಎಲ್ಲ ವರ್ಗದವರನ್ನೂ ಕೇಳಿ ನೋಡಿದರೂ ಅದೇ ಮಾತು ಹೊರಬಂದುದನ್ನು ಅವನು ಗಮನಿಸಿದ್ದಾನೆ. ಮೌಖಿಕ ಆಕರಗಳನ್ನು ಅವನು ಬಳಸಿದ ವಿಧಾನ ಇಂದಿನ ಸಂಶೋಧಕರಿಗೂ ಕುತೂಹಲದ್ದು.

ಅವನ ಮಹತ್ವಾಕಾಂಕ್ಷೆ ಮಾತ್ರ ಬಹುಕಾಲ ಈಡೇರಲಿಲ್ಲ. 1819ರಲ್ಲಿ ಮುಂಬಯಿ ಎಲ್ಫಿನ್‌ಸ್ಟನ್ನನಿಗೂ, 1820ರಲ್ಲಿ ಮದರಾಸು ಮನ್ರೋಗೂ ದಕ್ಕಿದವು. ಇಬ್ಬರೂ ಸ್ನೇಹಿತರಾದ್ದರಿಂದ ನೋವನ್ನು ಬಹಿರಂಗವಾಗಿ ತೋಡಿಕೊಳ್ಳುವಂತೆಯೂ ಇರಲಿಲ್ಲ. ಕೊನೆಗೆ 1827ರ ನವೆಂಬರಿನಲ್ಲಿ ಎಲ್ಫಿನ್‌ಸ್ಟನ್ನನಿಂದ ಮುಂಬಯಿಯ ಅಧಿಕಾರವನ್ನು ವಹಿಸಿಕೊಂಡನು. ಪುಣೆಯ ದಾರಿಯ ಬೋರ್ ಘಾಟಿನ ರಸ್ತೆ, ಮಹಾಬಲೇಶ್ವರದ ಗಿರಿಧಾಮ ಅವನ ಕಾಲದವು. ಶಿಕ್ಷಣ ದೇಶಭಾಷೆಗಳಲ್ಲಿಯೇ ನಡೆಯಬೇಕೆಂಬ ಪಕ್ಷದಲ್ಲಿ ಅವನಿದ್ದನು. ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಗ್ರಾಂಟನೊಡನೆ ಅಧಿಕಾರವ್ಯಾಪ್ತಿಯ ಜಗಳವಾಗಿ, ಆ ನ್ಯಾಯಾಧೀಶನನ್ನು ಎರಡು ಪಳಗಿದ ಆನೆಗಳ ನಡುವಿನ ಕಾಡಾನೆಗೆ ಹೋಲಿಸಿ ಲಂಡನ್ನಿನಿಂದ ಲಾರ್ಡ್ ಎಲೆನ್‌ಬರೋ ಬರೆದ ಖಾಸಗಿ ಪತ್ರ ಬಯಲಾಗಿ ದೊಡ್ಡ ಗಲಭೆಯಾಯಿತು.

ಧಾರವಾಡ ಸೀಮೆ ಆಗ ಮುಂಬಯಿ ಸರ್ಕಾರಕ್ಕೆ ಸೇರಿತ್ತು. ಕಿತ್ತೂರಿನ ದತ್ತಕವನ್ನು ಒಪ್ಪದೆ 1824ರಲ್ಲಿ ಸಂಸ್ಥಾನವನ್ನು ಮುಗಿಸಿದ ನಿರ್ಧಾರ ಎಲ್ಫಿನ್‌ಸ್ಟನ್ನನ ಕಾಲದ್ದು. ಅದರ ಫಲ ಮಾಲ್ಕಂನ ಕಾಲಕ್ಕೆ ಬಂದಿತು: 1829-30ರ ಸಂಗೊಳ್ಳಿ ರಾಯಣ್ಣನ ಬಂಡಾಯ ನಡೆದದ್ದೂ, ರಾಯಣ್ಣ ಸೆರೆಸಿಕ್ಕಿದ್ದೂ ಅವನ ಆಡಳಿತದಲ್ಲಿ. ಹಳೆಯ ಸಂಸ್ಥಾನಗಳನ್ನೂ ಮನೆತನಗಳನ್ನೂ ಉಳಿಸಿಕೊಳ್ಳದೆ ಬ್ರಿಟಿಷ್ ಆಳ್ವಿಕೆ ನಿಲ್ಲಲಾರದೆಂದು ಜೀವನವಿಡೀ ಬರೆದವನ ಸರ್ಕಾರವೇ ಅಂತಹ ಒಂದು ಮನೆತನದ ಪರವಾಗಿ ಎದ್ದ ರೈತಾಪಿ ದಂಗೆಯನ್ನು ಹತ್ತಿಕ್ಕಿತು. 1830ರ ಡಿಸೆಂಬರಿನಲ್ಲಿ ಅವನು ಭಾರತವನ್ನು ಬಿಟ್ಟನು. ಮರುತಿಂಗಳು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಇಂಗ್ಲೆಂಡಿನಲ್ಲಿ ಅವನು ಸ್ವಲ್ಪಕಾಲ ಪಾರ್ಲಿಮೆಂಟಿನ ಸದಸ್ಯನಾಗಿದ್ದು ಮತದಾನ ಸುಧಾರಣೆಯ ಮಸೂದೆಯನ್ನು ವಿರೋಧಿಸಿದನು. 1833ರ ಮೇ 30ರಂದು ಲಂಡನ್ನಿನಲ್ಲಿ ತೀರಿಕೊಂಡನು. ಅವನು ಬರೆಯುತ್ತಿದ್ದ ರಾಬರ್ಟ್ ಕ್ಲೈವನ ಚರಿತ್ರೆ 1836ರಲ್ಲಿ ಹೊರಬಂದಿತು. ಅದನ್ನು ವಿಮರ್ಶಿಸುವ ನೆಪದಲ್ಲಿ ಮೆಕಾಲೆ ಬರೆದ ಪ್ರಬಂಧವೇ ಮೂಲಗ್ರಂಥಕ್ಕಿಂತ ಪ್ರಸಿದ್ಧವಾಯಿತು. ಕ್ಲೈವನ ತಪ್ಪುಗಳು ಮಾಲ್ಕಂಗೆ ಕಾಣುವುದೇ ಇಲ್ಲವೆಂಬುದು ಮೆಕಾಲೆಯ ಕಟಕಿ.

ಬಾಜೀರಾಯನ ಮರಣಾನಂತರ ದತ್ತುಪುತ್ರ ನಾನಾಸಾಹೇಬನು ವರ್ಷಾಶನವನ್ನು ಮುಂದುವರಿಸಬೇಕೆಂದು ಕೇಳಿದಾಗ ಅವನ ಮನವಿ ಆಧರಿಸಿದ್ದು ಮಾಲ್ಕಂ ಬರೆದುಕೊಟ್ಟ ಪತ್ರದ ಕುಟುಂಬ ಎಂಬ ಪದವನ್ನು. ಅವನ ಮತ್ತು ಅವನ ಕುಟುಂಬದ ನಿರ್ವಹಣೆಗೆ ಎಂದಿರುವಾಗ ಅದು ಒಬ್ಬನ ಜೀವಿತಕ್ಕೆ ಮುಗಿಯುವುದು ಹೇಗೆ ಎಂಬುದು ವಾದ. ಡಾಲ್‌ಹೌಸಿ ಒಪ್ಪಲಿಲ್ಲ. ನಾನಾಸಾಹೇಬನ ಪರವಾಗಿ ಲಂಡನ್ನಿಗೆ ಹೋದ ಅಜೀಮುಲ್ಲಾ ಖಾನನೂ ಬರಿಗೈಯಲ್ಲಿ ಮರಳಿದನು. 1857ರ ಜೂನ್‌ನಲ್ಲಿ ಕಾನ್ಪುರದ ದಂಗೆಗೆ ನಾನಾಸಾಹೇಬನು ನಾಯಕನಾದನು. ಮಾಲ್ಕಂನ ಪತ್ರಗಳನ್ನು ಆಧರಿಸಿ ಜಾನ್ ವಿಲಿಯಂ ಕೇ ಬರೆದ ಎರಡು ಸಂಪುಟಗಳ ಜೀವನಚರಿತ್ರೆ ಅದಕ್ಕೆ ಒಂದು ವರ್ಷ ಮೊದಲು, 1856ರಲ್ಲಿ, ಅಚ್ಚಾಗಿತ್ತು. ಅದೇ ಕೇ ಮುಂದೆ ಸಿಪಾಯಿ ಯುದ್ಧದ ಇತಿಹಾಸವನ್ನು ಬರೆಯಲು ಕುಳಿತಾಗ, 1864ರ ಮೊದಲ ಸಂಪುಟದಲ್ಲಿ, ದಂಗೆಯ ಕಾರಣಗಳ ನಡುವೆ ಬಿಠೂರಿನ ಈ ವರ್ಷಾಶನದ ಪ್ರಕರಣವನ್ನೂ ಸೇರಿಸಬೇಕಾಯಿತು.